ಸತ್ಯಾಂಶ: ಸ್ಪೀಕರ್‌ನಲ್ಲಿ ಕುಂಯ್‌ಗುಟ್ಟುವ ಸದ್ದು ಬಂದರೆ ಆಲ್ಟರ್ನೇಟರ್ ಕೆಟ್ಟಿದೆಯೇ?

‘ಆಕ್ಸಿಲರೇಟರ್ ಒತ್ತಿದಂತೆ ಕಾರಿನ ಸ್ಪೀಕರ್‌ನಲ್ಲಿ ಕುಂಯ್ ಸದ್ದು ಏರಿದರೆ ಆಲ್ಟರ್ನೇಟರ್ ಹೋಗಿದೆ, ಕೂಡಲೇ ಬದಲಿಸಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಬಹುಪಾಲು ಕಾರುಗಳಲ್ಲಿ ಇದು ನಿಜವಲ್ಲ.

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹುಟ್ಟಿಸುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್. ಒಳಗಿನ ಡಯೋಡ್‌ಗಳು ಅದನ್ನು ಒಂದೇ ದಿಕ್ಕಿನ ಡಿಸಿ ಮಾಡಿದರೂ ಸಣ್ಣ ಏರಿಳಿತ ಉಳಿಯುತ್ತದೆ, ಹೊಚ್ಚಹೊಸದರಲ್ಲೂ. ಸ್ಟೀರಿಯೊ ಮತ್ತು ಆಂಪ್ಲಿಫೈಯರ್ ಕಾರಿನ ಲೋಹದ ಮೈಗೆ ಬೇರೆ ಬೇರೆ ಜಾಗದಲ್ಲಿ ಅರ್ತ್ ಆಗಿ, ಆ ಜಾಗಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಈ ಏರಿಳಿತ ಅವೆರಡನ್ನೂ ಜೋಡಿಸುವ ಆರ್‌ಸಿಎ ಆಡಿಯೊ ಕೇಬಲ್ಲಿನ ಮೂಲಕ ಹಾಡಿನೊಳಗೆ ನುಸುಳುತ್ತದೆ. ಇದೇ ಗ್ರೌಂಡ್ ಲೂಪ್.

ದುಡ್ಡು ಸುರಿಯುವ ಮುನ್ನ ದಯವಿಟ್ಟು ಇಷ್ಟು ನೋಡಿ. ಆಂಪ್ಲಿಫೈಯರ್ ಆಫ್ ಮಾಡಿ, ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ತೊಂದರೆ ಕೇಬಲ್ ಅಥವಾ ಸ್ಟೀರಿಯೊ ಕಡೆಯದು. ನಿಲ್ಲದಿದ್ದರೆ ಆಂಪ್ಲಿಫೈಯರ್‌ನ ಅರ್ತ್ ವೈರನ್ನು ಮೊದಲು ಅನುಮಾನಿಸಿ: ಪೇಂಟ್ ಕೆರೆದ ಬರಿಯ ಲೋಹಕ್ಕೆ, ಆದಷ್ಟು ಗಿಡ್ಡ ವೈರಿನಲ್ಲಿ ಬಿಗಿಯಾಗಿ ಕೂರಿಸಿ. ಫೋನ್ ಚಾರ್ಜಿಗಿಟ್ಟು ಆಕ್ಸ್ ಕೇಬಲ್‌ನಲ್ಲಿ ಹಾಡು ಕೇಳುವಾಗ ಮಾತ್ರ ಸದ್ದು ಬಂದರೆ, ಲೂಪ್ ಆಗುತ್ತಿರುವುದು ಚಾರ್ಜರ್ ಮೂಲಕ.

ಡಯೋಡ್ ಕೆಟ್ಟು ಸದ್ದು ಬರುವುದೂ ಉಂಟು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ ಎಸಿ ವೋಲ್ಟೇಜ್ ಸುಮಾರು 0.5 ವೋಲ್ಟ್ ದಾಟಿದರೆ ಆಲ್ಟರ್ನೇಟರನ್ನು ಮೆಕ್ಯಾನಿಕ್‌ಗೆ ತೋರಿಸಿ.