ಜುಲೈ ತಿಂಗಳ ಲೆಕ್ಕ ಎಲ್ಲಿ?

ಈಗಷ್ಟೇ ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ ಮುಗಿಸಿ ಮನೆಗೆ ಬಂದೆ. ವರದಿ ಇನ್ನೂ ಕೈಯಲ್ಲೇ ಇದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಹನ್ನೆರಡು ಪುಟಗಳ ವರದಿ. ಬಣ್ಣ ಬಳಿಸಿದ್ದಕ್ಕೆ ಎರಡು ಪುಟ, ಗಣೇಶೋತ್ಸವಕ್ಕೆ ಒಂದು ಪುಟ. ನಮ್ಮ ವಿದ್ಯುತ್ ಯೋಜನೆಗೆ ಒಂದು ಸಾಲು: '20 ಕಿಲೋವ್ಯಾಟ್ ಸೌರ ಘಟಕ ಯಶಸ್ವಿಯಾಗಿ ನಡೆಯುತ್ತಿದೆ.' ಹೋದ ವರ್ಷದ ವರದಿಯಲ್ಲೂ ಇದೇ ಸಾಲು ಇತ್ತು. ಅದರ ಹಿಂದಿನ ವರ್ಷವೂ ಇದೇ.

ಹೋದ ಮಳೆಗಾಲದಲ್ಲಿ ಈ ಘಟಕದ ಅರ್ಧ ಭಾಗ ನಾಲ್ಕು ತಿಂಗಳು ಸತ್ತು ಬಿದ್ದಿತ್ತು. ವರದಿಯಲ್ಲಿ ಅದರ ಸುಳಿವೇ ಇಲ್ಲ!

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. ಮುಂಬೈಯ ಮುಲುಂಡ್‌ನ ನಮ್ಮ ಕಟ್ಟಡದ ಟೆರೇಸಿನಲ್ಲಿ ಸೌರ ಹಲಗೆಗಳಿವೆ, ಅವುಗಳ ಕರೆಂಟನ್ನು ನಮ್ಮ ಬಳಕೆಗೆ ತಕ್ಕಂತೆ ಬದಲಿಸುವ ಹತ್ತು ಹತ್ತು ಕಿಲೋವ್ಯಾಟಿನ ಎರಡು ಇನ್ವರ್ಟರ್ ಇವೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಕಾಮನ್ ಮೀಟರಿಗೆ ಅವುಗಳಿಂದ ಕರೆಂಟು. ಜೂನ್ ನಡುವಿನಲ್ಲಿ ಒಂದು ಕನೆಕ್ಟರಿಗೆ ನೀರು ಇಳಿದು ಒಂದು ಇನ್ವರ್ಟರ್ ನಿಂತಿತು. ಯಾರಿಗೂ ಗೊತ್ತಾಗಲಿಲ್ಲ. ಬಿಲ್ ಏರಿದಾಗ ಎಲ್ಲರೂ 'ಮಳೆ ಅಲ್ವಾ, ಬಿಸಿಲೆಲ್ಲಿದೆ' ಅಂದರು. ಮುಂಬೈ ಮಳೆಗಾಲದಲ್ಲಿ ಸೋಲಾರ್ ಇಳಿಯುವುದು ನಿಜವೇ. ನಿಜವಾದ ಕಾರಣ ಒಂದು ಸಿಕ್ಕಿದ್ದರಿಂದ ಇನ್ನೊಂದು ಕಾರಣವನ್ನು ಯಾರೂ ಹುಡುಕಲಿಲ್ಲ. ಅಕ್ಟೋಬರಿನಲ್ಲಿ ಟ್ಯಾಂಕ್ ತೊಳೆಯಲು ಬಂದ ಹುಡುಗ ಒಂದು ಪೆಟ್ಟಿಗೆಯ ದೀಪ ಆರಿದ್ದನ್ನು ನೋಡಿ ಕೆಳಗೆ ಬಂದು ಹೇಳಿದ.

ಮಂದ ಬಿಸಿಲಿನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ಎರಡೂವರೆ ಯೂನಿಟ್ ಎಂದು ಹಿಡಿದರೂ, 10 ಕಿಲೋವ್ಯಾಟಿಗೆ ನಾಲ್ಕು ತಿಂಗಳಲ್ಲಿ 3,000 ಯೂನಿಟ್ ಹೋಯಿತು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ 2 ಟನ್ ಹೊಗೆಯನ್ನು ನಾವು ತಡೆಯಬಹುದಿತ್ತು, ತಡೆಯಲಿಲ್ಲ.

ಹಿಂದಿನ ವರ್ಷದ ಜುಲೈಯಲ್ಲಿ ಎಷ್ಟು ಯೂನಿಟ್ ಬಂದಿತ್ತು ಎಂದು ಎಲ್ಲಾದರೂ ಬರೆದಿದ್ದರೆ ಸಾಕಿತ್ತು. ಜುಲೈಯನ್ನು ಮೇ ತಿಂಗಳ ಪಕ್ಕ ಇಟ್ಟು ನೋಡಿದರೆ ಮಳೆ ಕಾಣುತ್ತದೆ. ಜುಲೈಯನ್ನು ಜುಲೈ ಪಕ್ಕ ಇಟ್ಟರೆ ಕೆಟ್ಟ ಇನ್ವರ್ಟರ್ ಕಾಣುತ್ತದೆ. ಇಷ್ಟು ಹೇಳಲು ಎಂಜಿನಿಯರೇ ಆಗಬೇಕೇ?

ನನ್ನ ಅಪ್ಪ ಎಂಜಿನಿಯರಲ್ಲ. ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದವರು. ಗ್ಯಾಸ್ ಸಿಲಿಂಡರ್ ಹಾಕಿದ ತಾರೀಖನ್ನು ಅಡುಗೆಮನೆ ಬಾಗಿಲ ಹಿಂದೆ ಚಾಕ್‌ನಲ್ಲಿ ಬರೆಯುತ್ತಿದ್ದರು, ಒಂದರ ಕೆಳಗೆ ಒಂದು. ಸಿಲಿಂಡರ್ ಎರಡು ದಿನ ಮೊದಲೇ ಖಾಲಿಯಾದರೆ ಅಂದು ರಾತ್ರಿ ಎಲ್ಲ ಬರ್ನರ್ ಬಿಚ್ಚಿಸಿ ತೊಳೆಸುವುದು, ಪೈಪಿಗೆ ಸೋಪಿನ ನೀರು ಹಚ್ಚಿ ನೋಡುವುದು. 'ಎಷ್ಟು ಉರಿ ಇದೆ ಅಂತ ಕೇಳ್ಬೇಡ, ಎಷ್ಟು ದಿನ ಬಂತು ಕೇಳು' ಎನ್ನುತ್ತಿದ್ದರು. ನಮ್ಮ ಕಮಿಟಿ ಪ್ರತಿ ವರ್ಷ 'ಎಷ್ಟು ಉರಿ ಇದೆ' ಎಂಬುದನ್ನೇ ಬರೆಯುತ್ತಿದೆ. ಕಿಲೋವ್ಯಾಟ್ ಎಂದರೆ ಘಟಕದ ಅಳತೆ. ಆ ಘಟಕ ಏನು ಕೊಟ್ಟಿತು ಎಂಬುದು ಯೂನಿಟ್ಟಿನಲ್ಲಿ ಬರಬೇಕು.

ಸಭೆಯಲ್ಲಿ ಒಬ್ಬರು ಎದ್ದು ನಿಂತು, ಬಿಲ್ ಕಡಿಮೆಯಾಗಿದೆಯಲ್ಲ, ಇನ್ನೇನು ಬೇಕು ಎಂದು ಕೇಳಿದರು. ನಾನು ಮೂವತ್ತು ವರ್ಷ ಬ್ಯಾಂಕಿನ ಲೆಜರ್ ನೋಡಿದವಳು, ನನಗೆ ಇದನ್ನು ಹೇಳಿದರೆ ಹೇಗೆ? ಬಿಲ್ಲಿನ ಮೊತ್ತದಲ್ಲಿ ಎಲ್ಲವೂ ಕಲಸಿಹೋಗಿರುತ್ತದೆ. ದರ ಏರುತ್ತದೆ, ಸ್ಥಿರ ಶುಲ್ಕ ಬದಲಾಗುತ್ತದೆ, ಹೆಚ್ಚಾಗಿ ಉಳಿದ ಯೂನಿಟ್ ಮುಂದಿನ ತಿಂಗಳಿಗೆ ಜಮಾ ಆಗುತ್ತದೆ. ಈಗ ಪಾರ್ಕಿಂಗಿನಲ್ಲಿ ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗ್ ಬೇರೆ ಬಂದಿದೆ, ಅದೂ ಕಾಮನ್ ಮೀಟರಿನಲ್ಲೇ. ಮುಂದಿನ ವರ್ಷ ಸೋಲಾರ್ ಚೆನ್ನಾಗಿ ಓಡಿದರೂ ಬಿಲ್ ಏರಬಹುದು, ಆಗ ಇದೇ ಜನ ಯೋಜನೆ ಫೇಲ್ ಆಯಿತು ಅನ್ನುತ್ತಾರೆ. ಚಾರ್ಜಿಂಗಿಗೆ ಒಂದು ಸಬ್ ಮೀಟರ್ ಹಾಕಿ ಎಂದರೆ ಖರ್ಚು ಅನ್ನುತ್ತಾರೆ.

ಇನ್ನೊಬ್ಬರು, ಎಲ್ಲ ಆ್ಯಪ್‌ನಲ್ಲಿ ಬರುತ್ತದೆ ಆಂಟಿ ಎಂದರು. ಬರುತ್ತದೆ. ಆದರೆ ಅದರ ಲಾಗಿನ್ ಇರುವುದು ಹಳೆಯ ಕಾರ್ಯದರ್ಶಿಯ ಫೋನಿನಲ್ಲಿ. ಅವರು ಮನೆ ಮಾರಿ ಠಾಣೆಗೆ ಹೋದರು. ವೈಫೈ ಪಾಸ್‌ವರ್ಡ್ ಬದಲಾದ ದಿನದಿಂದ ಇನ್ವರ್ಟರ್ ಆ ಆ್ಯಪ್‌ಗೆ ಏನನ್ನೂ ಕಳಿಸಿಲ್ಲ.

ನಮ್ಮೊಂದು ಟೆರೇಸಿಗೆ ಇಷ್ಟು ರಂಪವೇ ಎನ್ನಬೇಡಿ. 2022ರ ಮಾರ್ಚಿನಲ್ಲಿ ಮುಂಬೈ ತನ್ನ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. ನಗರ ಹೊರಹಾಕುವ ಹಸಿರುಮನೆ ಅನಿಲಗಳನ್ನು, 2019ನ್ನು ಆಧಾರ ವರ್ಷವಾಗಿ ಇಟ್ಟುಕೊಂಡು, 2030ಕ್ಕೆ ಶೇ. 30, 2040ಕ್ಕೆ ಶೇ. 44 ಇಳಿಸಬೇಕು, 2050ಕ್ಕೆ ನಿವ್ವಳ ಸೊನ್ನೆ (ಹೊರಹಾಕಿದಷ್ಟನ್ನೂ ಹೀರಿಕೊಳ್ಳುವ ಸ್ಥಿತಿ) ಮುಟ್ಟಬೇಕು. 2019ರಲ್ಲಿ ಈ ನಗರ ಹೊರಹಾಕಿದ್ದು ಸುಮಾರು 2.34 ಕೋಟಿ ಟನ್, ಅದರಲ್ಲಿ ಶೇ. 70ಕ್ಕಿಂತ ಹೆಚ್ಚು ವಿದ್ಯುತ್ತು ಮತ್ತು ಕಟ್ಟಡಗಳಲ್ಲಿ ಸುಡುವ ಇಂಧನದ್ದು. ಅದು ನಮ್ಮ ಲಿಫ್ಟು, ನಮ್ಮ ಪಂಪು, ನಮ್ಮ ಏಸಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಗಳ ಕಾಮನ್ ಸೌಲಭ್ಯಕ್ಕೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಅದು ಜನರ ತೆರಿಗೆ ಹಣ. ಟೆರೇಸು ಟೆರೇಸಿಗೂ ಹಲಗೆ ಬರುತ್ತಿರುವ ಹೊತ್ತಿನಲ್ಲಿ ಹಾಕಿದ ಹಲಗೆಗಳನ್ನಷ್ಟೇ ಎಣಿಸಿದರೆ, ನಮ್ಮಲ್ಲಿ ಸತ್ತಿದ್ದ ಹಲಗೆಗಳೂ ಆ ಎಣಿಕೆಯಲ್ಲಿ ಜೀವಂತವಾಗಿಯೇ ಇರುತ್ತವೆ.

ತಮಿಳುನಾಡಿನ ಮೆಟ್ಟುಪಾಳ್ಯಂ ಹತ್ತಿರದ ಓಡಂತುರೈ ಪಂಚಾಯತಿ 2006ರಲ್ಲಿ ಸಾಲ ಮಾಡಿ 350 ಕಿಲೋವ್ಯಾಟಿನ ಗಾಳಿಯಂತ್ರ ಕೊಂಡಿತು. ಊರಿಗೆ ಬೇಕಾದ್ದು ಕಳೆದು ಮಿಕ್ಕಿದ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿ ಸಾಲ ತೀರಿಸಿದರು. ಮಾರಬೇಕಾದರೆ ಅಳೆಯಲೇಬೇಕು. ಒಂದು ಹಳ್ಳಿ ಅಷ್ಟು ಮಾಡಿದ್ದನ್ನು ಓದಿಯೇ ನಾನು ನಮ್ಮ ಸೊಸೈಟಿಯಲ್ಲಿ ಈ ಮಾತು ಎತ್ತಿದ್ದು.

ಈಗ ಹೇಳಲೇಬೇಕಾದ ಮಾತು. ಯೋಜನೆ ಮಾಡಿದ ಕಮಿಟಿಯಲ್ಲಿ ನಾನೂ ಇದ್ದೆ. ಹಲಗೆ ಬರುವ ಮುಂಚಿನ ಹನ್ನೆರಡು ಬಿಲ್ ಕೂಡಿಸಿ ಹೋಲಿಕೆಗೆ ಆಧಾರದ ಅಂಕಿ ತೆಗೆದವಳೂ ನಾನೇ. ಪ್ರತಿ ಒಂದನೇ ತಾರೀಖು ಮೀಟರ್ ಓದಿ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಐದು ತಿಂಗಳು ಬರೆದೆ. ಆಮೇಲೆ ಮೊಣಕಾಲಿನ ಆಪರೇಷನ್ ಆಯಿತು, ಟೆರೇಸು ಹತ್ತಲಾಗಲಿಲ್ಲ. ಬೇರೆಯವರಿಗೆ ಒಪ್ಪಿಸಬೇಕಿತ್ತು, ಒಪ್ಪಿಸಲಿಲ್ಲ. ಆಧಾರದ ಅಂಕಿಯೂ ಆ ಐದು ತಿಂಗಳೂ ನನ್ನ ನೋಟ್‌ಬುಕ್ಕಿನಲ್ಲಿ, ನನ್ನ ಕಪಾಟಿನಲ್ಲಿ ಕುಳಿತವು. ಆ 3,000 ಯೂನಿಟ್‌ನಲ್ಲಿ ನನ್ನ ಪಾಲಿದೆ. ಇವತ್ತು ಸಭೆಯಲ್ಲಿ ಇದನ್ನು ಎಲ್ಲರೆದುರು ಹೇಳಿದೆ, ಗಂಟಲು ಕಟ್ಟಿತು.

ಹೇಳಿದ ಮೇಲೆ ಐದನೇ ಮಹಡಿಯ ಕಾಲೇಜು ಹುಡುಗಿ ಕೈ ಎತ್ತಿ, ನಾನು ಬರೆಯುತ್ತೇನೆ ಎಂದಳು. ಸಭೆ ಮುಗಿಯುತ್ತಲೇ ಇಬ್ಬರೂ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ದೊಡ್ಡ ಹಾಳೆ ಅಂಟಿಸಿದೆವು. ಎಡಕ್ಕೆ ತಿಂಗಳು, ಆಮೇಲೆ ಸೋಲಾರ್ ಕೊಟ್ಟ ಯೂನಿಟ್, ಗ್ರಿಡ್ಡಿನಿಂದ ತಂದದ್ದು, ಗ್ರಿಡ್ಡಿಗೆ ಕೊಟ್ಟದ್ದು, ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟು. ಕೊನೆಯಲ್ಲಿ ಅಗಲವಾದ ಒಂದು ಕಾಲಂ: ಏನು ಕೆಟ್ಟಿತು, ಯಾವಾಗ ಸರಿಯಾಯಿತು. ನನ್ನ ನೋಟ್‌ಬುಕ್ಕಿನ ಐದು ತಿಂಗಳನ್ನು ಅವಳು ಮೇಲೆ ಬರೆದಳು. ಆಮೇಲಿನ ಸಾಲುಗಳನ್ನು ಖಾಲಿ ಬಿಡಲು ಹೇಳಿದೆ, ಕಾಣಲಿ. ಹೋದ ವರ್ಷದ ಜೂನ್‌ನಿಂದ ಅಕ್ಟೋಬರ್ ಎದುರು ಕೆಂಪು ಪೆನ್ನಿನಲ್ಲಿ 'ಒಂದು ಇನ್ವರ್ಟರ್ ಬಂದ್' ಎಂದು ನಾನೇ ಬರೆದೆ.

ಡೊಂಬಿವಲಿ, ಗೋರೆಗಾಂವ್, ವಸಾಯಿ ಕಡೆಯ ಗೆಳೆಯರೇ, ನಿಮ್ಮ ಟೆರೇಸಿನಲ್ಲೂ ಹಲಗೆಗಳಿವೆ, ಫೋಟೋ ಹಾಕಿದ್ದಿರಿ. ಈ ಜುಲೈಯಲ್ಲಿ ಕಿಲೋವ್ಯಾಟಿಗೆ ಎಷ್ಟು ಯೂನಿಟ್ ಬಂತು, ಕೆಳಗೆ ಬರೆಯಿರಿ. ನಮ್ಮದರ ಪಕ್ಕ ಇಟ್ಟು ನೋಡಬೇಕು.