ಮೆರಿಡಾ ಎಂದರೆ ರಂಗಮಂದಿರ ಮಾತ್ರವಲ್ಲ

ಸ್ಪೇನಿನ ಮೆರಿಡಾ ಕುರಿತ ಲೇಖನ ಓದಿ ಸಂತೋಷವಾಯಿತು. ಆದರೆ ರೋಮನ್ ರಂಗಮಂದಿರವೊಂದನ್ನು ನೋಡಿದರೆ ಊರನ್ನೇ ನೋಡಿದಂತೆ ಎಂಬ ಮಾತನ್ನು ನಾನು ಒಪ್ಪಲಾರೆ. 1910ರಲ್ಲಿ ಉತ್ಖನನ ಆರಂಭವಾಗುವ ತನಕ ಆ ರಂಗಮಂದಿರದ ಬಹುಭಾಗ ಮಣ್ಣಿನಡಿ ಹೂತುಹೋಗಿತ್ತು. ಚಿತ್ರದಲ್ಲಿ ಕಣ್ಸೆಳೆಯುವ ಎರಡಂತಸ್ತಿನ ಕಂಬಸಾಲು, ಬಿದ್ದಿದ್ದ ತುಂಡುಗಳನ್ನು ಜೋಡಿಸಿ ಇಪ್ಪತ್ತನೇ ಶತಮಾನದಲ್ಲಿ ಮತ್ತೆ ನಿಲ್ಲಿಸಿದ್ದು. ಸುಂದರವಾಗಿದೆ, ನಿಜ, ಆದರೂ ಲೇಖಕರು ಈ ವಿಷಯ ತಿಳಿಸಬೇಕಿತ್ತು.

ನನ್ನ ಮಟ್ಟಿಗೆ ಮೆರಿಡಾದ ಹೆಮ್ಮೆ ಲಾಸ್ ಮಿಲಾಗ್ರೋಸ್ ಮೇಲ್ಗಾಲುವೆ. ಪ್ರೊಸರ್ಪಿನಾ ಜಲಾಶಯದ ನೀರನ್ನು ಕಣಿವೆ ದಾಟಿಸಿ ಊರಿಗೆ ಮುಟ್ಟಿಸಲು ಕಟ್ಟಿದ್ದು. ಸುಮಾರು 25 ಮೀಟರ್ ಎತ್ತರದ ಕಂಬಗಳನ್ನು ಹತ್ತಿರದಿಂದ ನೋಡಬೇಕು: ಬೂದು ಗ್ರಾನೈಟಿನ ಕೆಲವು ವರಸೆ, ಅದರ ಮೇಲೆ ಕೆಂಪು ಇಟ್ಟಿಗೆಯ ವರಸೆ, ಮತ್ತೆ ಗ್ರಾನೈಟ್. ನೀರಿನ ಕಾಲುವೆ ಕುಸಿದು ಹೋಗಿದೆ. ಕಂಬಗಳ ನೆತ್ತಿಯಲ್ಲಿ ಈಗ ಕೊಕ್ಕರೆಗಳು ಗೂಡು ಕಟ್ಟುತ್ತವೆ.

ಗ್ವಾದಿಯಾನಾ ನದಿಯ ರೋಮನ್ ಸೇತುವೆಗೂ ಲೇಖನದಲ್ಲಿ ಒಂದೇ ಸಾಲು! ಕ್ರಿ.ಪೂ. 25ರಲ್ಲಿ ನಿವೃತ್ತ ಸೈನಿಕರಿಗಾಗಿ ಅಗಸ್ಟಸ್ ಈ ಊರನ್ನು ಸ್ಥಾಪಿಸಲು ಆ ನದಿ ದಾಟುವ ಜಾಗವೇ ಮುಖ್ಯ ಕಾರಣ. ಸುಮಾರು 790 ಮೀಟರ್ ಉದ್ದದ ಸೇತುವೆ ಪ್ರವಾಹಗಳಿಗೆ ಸಿಕ್ಕಿ ಹಲವು ಸಲ ದುರಸ್ತಿ ಕಂಡಿದೆ. 1991ರಲ್ಲಿ ಹೊಸ ಲುಸಿತಾನಿಯಾ ಸೇತುವೆ ಆದ ಮೇಲಷ್ಟೇ ಅದಕ್ಕೆ ವಾಹನಗಳ ಭಾರ ತಪ್ಪಿತು.

ಮುಂದಿನ ಕಂತು ಬರೆಯುವುದಾದರೆ ರಫಾಯೆಲ್ ಮೊನೆಯೊ ವಿನ್ಯಾಸಗೊಳಿಸಿದ, 1986ರಲ್ಲಿ ತೆರೆದ ರೋಮನ್ ಕಲಾ ವಸ್ತುಸಂಗ್ರಹಾಲಯದ ಬಗ್ಗೆ ದಯವಿಟ್ಟು ವಿವರವಾಗಿ ಬರೆಯಿರಿ.