ಹದಿನೆಂಟು ಪತ್ರಾಸ್, ಎರಡು ಫ್ಯಾನು ಮತ್ತು ಥಿಯರಿ ಆಫ್ ಚೇಂಜ್

2025ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಪಾಸಾದವರು ನೂರಕ್ಕೆ 42.43. ಅದರ ಹಿಂದಿನ ವರ್ಷ ಆ ಜಾಗ ಯಾದಗಿರಿಯದಾಗಿತ್ತು. ನೆರೆಹೊರೆಯವರಲ್ಲವೇ, ಅವರು ಎದ್ದರು, ನಾವು ಕೂತೆವು. ಓಣಿಯ ಮಂದಿಯೆಲ್ಲ ಮುಖ ಸಣ್ಣದು ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ನನ್ನ ಮೊಬೈಲು ಬಡಿದುಕೊಂಡಿತು. ಆ ಕಡೆ ಸಂಘ-ಸಂಸ್ಥೆಗಳಿಗೆ ಅನುದಾನದ ಪ್ರಪೋಸಲ್ ಬರೆದುಕೊಡುವ ಸಾಹೇಬರು.

“ಸರ, ಅಭಿನಂದನೆ ರೀ! ರೊಕ್ಕ ಯಾಕ ಬೇಕು ಅಂತ ಬರಿಲಾಕ ಇದಕ್ಕಿಂತ ಛಲೋ ನೀಡ್ ಸ್ಟೇಟ್‌ಮೆಂಟ್ ಎಲ್ಲಿ ಸಿಗತದ್ರಿ? ಜಲ್ದಿ ಬರ್ರಿ. ಮುಂದಿನ ವರ್ಷ ರಿಸಲ್ಟ್ ಸುಧಾರಿಸಿತು ಅಂದ್ರ ಭಾಳ ಕಷ್ಟ ಆಗ್ತದ.”

ನಮ್ಮದು ದೊಡ್ಡ ಸಂಸ್ಥೆಯಲ್ಲ. ಹನುಮಪ್ಪನ ಗುಡಿಯ ಮಗ್ಗುಲಲ್ಲಿ ಒಂದು ಬೇವಿನ ಗಿಡ, ಗಿಡದ ಕೆಳಗೆ ಸಂಜೆ ಆರರಿಂದ ಎಂಟರವರೆಗೆ ಹತ್ತನೇ ಇಯತ್ತೆಯ ನಲವತ್ತಾರು ಮಕ್ಕಳು. ನಿವೃತ್ತ ಹೆಡ್‌ಮಾಸ್ತರರಾದ ಮಾಸ್ತರ ಕಾಕಾ ಗಣಿತ ಹೇಳುತ್ತಾರೆ, ಎದುರು ಮನೆಯ ಅಕ್ಕೋರು ಇಂಗ್ಲಿಷು. ನಾನು ಹಾಜರಿ ತೆಗೆದುಕೊಳ್ಳುತ್ತೇನೆ, ಚಹಾ ತರಿಸುತ್ತೇನೆ; ಆದ್ದರಿಂದ ಕಾರ್ಯದರ್ಶಿ. ಮಳೆ ಬಂದರೆ ಮಕ್ಕಳು ಗುಡಿಯೊಳಗೆ ಓಡುತ್ತಾರೆ, ಬಿಸಿಲುಗಾಲದಲ್ಲಿ ಓಡಲು ಜಾಗವೇ ಇಲ್ಲ. ಬೇಕಾಗಿದ್ದುದು ಹದಿನೆಂಟು ಪತ್ರಾಸ್, ಅಂದರೆ ಮಾಡಿಗೆ ಹೊದಿಸುವ ತಗಡು, ನಾಲ್ಕು ಕಂಬ, ಎರಡು ಫ್ಯಾನು. ವೆಲ್ಡಿಂಗ್ ಅಂಗಡಿಯವನು ಪಾನ್ ಕಟ್ಟಿದ ಕಾಗದದ ಹಿಂದೆ ಲೆಕ್ಕ ಬರೆದುಕೊಟ್ಟ: 38 ಸಾವಿರ. ಅಷ್ಟಕ್ಕೇ ಮುಗಿಯಬೇಕಿದ್ದ ಕಥೆ ಇದು.

ಮುಗಿಯಗೊಡಲಿಲ್ಲ ನನ್ನ ಅಳಿಯ. ಬೆಂಗಳೂರಿನಲ್ಲಿ ನೌಕರಿ. “ಮಾಮಾ, ನೀವ್ಯಾಕ ಕೈಯಿಂದ ಹಾಕ್ತೀರಿ? ಸಿಎಸ್‌ಆರ್ ಅಂತ ಅದ. ಕಂಪನಿಗಳು ರೊಕ್ಕ ಖರ್ಚು ಮಾಡ್ಲಾಕ ಜಾಗ ಸಿಗ್ಲಾರ್ದ ಅಳ್ಳಾಕತ್ತಾವ” ಅಂದ. ಲಾಭದಲ್ಲಿರುವ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆಯ 135ನೇ ಕಲಂ ಹೇಳುತ್ತದೆ. ನಾವು ಓದಿದೆವು. ಅಳುತ್ತಿರುವ ಕಂಪನಿಗಳ ಕಣ್ಣೀರು ಒರೆಸೋಣವೆಂದು ಹೊರಟೆವು.

ಮೊದಲು ಸಂಘ ಆಗಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಬೇಕು. ಐದು ಜನ ನಾವಿದ್ದೆವು, ಆರನೆಯವನಾಗಿ ಕಿರಾಣಿ ಅಂಗಡಿಯವನನ್ನು ಹಿಡಿದೆವು, ಏಳನೆಯದಾಗಿ ನನ್ನ ಅತ್ತೆಯವರ ಹೆಬ್ಬೆಟ್ಟು. ಉದ್ದೇಶ ಏನು ಎಂದು ಬರೆಯುವಲ್ಲಿ ಮಾಸ್ತರ ಕಾಕಾ “ಮಕ್ಕಳಿಗೆ ಪಾಠ ಹೇಳುವುದು” ಎಂದು ಒಂದೇ ಸಾಲು ಬರೆದಿದ್ದರು. ಪ್ರಪೋಸಲ್ ಸಾಹೇಬರು ಅದನ್ನು ನೋಡಿ, ಸಣ್ಣ ಮಗು ತೊದಲಿದ್ದನ್ನು ಕೇಳಿದವರ ಹಾಗೆ ನಕ್ಕರು. “ಸರ, ಬೈಲಾದಾಗ ಇಲ್ಲದ ಕೆಲಸಕ್ಕ ಯಾರೂ ಅನುದಾನ ಕೊಡಲ್ರಿ. ಯಾವುದು ಯಾವಾಗ ಬರ್ತದೋ ಯಾರಿಗಿ ಗೊತ್ತು?” ಹೀಗಾಗಿ ಇವತ್ತು ನಮ್ಮ ಸಂಘದ ಉದ್ದೇಶಗಳು ಮೂವತ್ತೊಂದು. ವ್ಯಸನಮುಕ್ತಿ, ಜಲಾನಯನ, ಜಾನುವಾರು ಆರೋಗ್ಯ, ಜನಪದ ಕಲೆ, ಯೋಗ, ಸೌರಶಕ್ತಿ, ಜೇನು ಸಾಕಣೆ. ಮಕ್ಕಳಿಗೆ ಪಾಠ ಹೇಳುವುದು ಇಪ್ಪತ್ತೆರಡನೆಯದು, ಜೇನಿನ ಕೆಳಗೆ.

ಆಮೇಲೆ ಪ್ಯಾನ್ ಕಾರ್ಡು. ಆಮೇಲೆ ಸಂಘ-ಸಂಸ್ಥೆಗಳು ಹೆಸರು ಬರೆಸುವ ನೀತಿ ಆಯೋಗದ ದರ್ಪಣ ಪೋರ್ಟಲಿನಲ್ಲಿ ನಂಬರು. ಆಮೇಲೆ ಆದಾಯ ತೆರಿಗೆಯ 12ಎ (ಸಂಘಕ್ಕೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ವಿನಾಯಿತಿ). ಅದೂ ಮೊದಲು ಮೂರು ವರ್ಷಕ್ಕೆ ತಾತ್ಕಾಲಿಕ, ಆಮೇಲೆ ಮತ್ತೆ ಅರ್ಜಿ. ಒಂದು ರೂಪಾಯಿ ಆದಾಯವಿಲ್ಲದ ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸಲು ಸಿಎ ಸಾಹೇಬರಿಗೆ ಕೊಟ್ಟದ್ದು ಆರು ಪತ್ರಾಸಿನ ದುಡ್ಡು. ಆವಾಗಿನಿಂದ ನಾವು ಎಲ್ಲ ಖರ್ಚನ್ನೂ ಪತ್ರಾಸಿನಲ್ಲೇ ಎಣಿಸುತ್ತಿದ್ದೇವೆ.

ಇಷ್ಟಾದ ಮೇಲೆ ಸಿಎಸ್‌ಆರ್-1 ಎಂಬ ಫಾರ್ಮು. ಕಂಪನಿಯ ದುಡ್ಡು ಮುಟ್ಟಬೇಕಾದರೆ ಈ ನಂಬರು ಬೇಕು, ಜೊತೆಗೆ ಅಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷ ಪಳಗಿರಬೇಕು. ಪಳಗಿದ್ದಕ್ಕೆ ಆಡಿಟ್ ಆದ ಲೆಕ್ಕವೇ ಸಾಕ್ಷಿ. ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದೇವೆ ಎಂದೆವು. ಖರ್ಚಿನ ಲೆಕ್ಕ ತೋರಿಸಿ ಅಂದರು. ಖರ್ಚು ಸೀಮೆಸುಣ್ಣ. ಮಾಸ್ತರ ಕಾಕಾ ತಮ್ಮ ಪೆನ್ಶನ್ನಿನಲ್ಲಿ ತಂದ ಸೀಮೆಸುಣ್ಣಕ್ಕೆ ರಸೀದಿ ಇಟ್ಟಿಲ್ಲ. “ಹಂಗಂದ್ರ ನೀವು ಹನ್ನೊಂದು ವರ್ಷ ಏನೂ ಮಾಡಿಲ್ಲ ಅಂತ ಆತು” ಎಂದು ಸಾಹೇಬರು ಬಹಳ ಮರ್ಯಾದೆಯಿಂದ ತಿಳಿಸಿದರು. ನಮ್ಮ ಕಡೆ ಈಜು ಬಂದ ಮೇಲೇ ಬಾವಿಗಿಳಿ ಎಂದು ಹೇಳುವ ತಂದೆ-ತಾಯಿ ಇದ್ದಾರೆ. ಅವರು ನಿಯಮ ಬರೆಯುವ ಕೆಲಸಕ್ಕೆ ಸೇರಿದ್ದು ನಮಗೆ ಗೊತ್ತಿರಲಿಲ್ಲ.

ಆದರೂ ಒಂದು ಕಾರ್ಖಾನೆಯ ಅಧಿಕಾರಿಯನ್ನು ಹೋಗಿ ಕಂಡೆವು. ಒಳ್ಳೆಯ ಮನುಷ್ಯ, ಕೂಡಿಸಿ ಚಹಾ ಕೊಟ್ಟರು. ಕಾನೂನಿನಲ್ಲಿ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂದಿದೆಯಲ್ಲ, ಅದನ್ನು ಅವರು ನಕ್ಷೆಯಲ್ಲಿ ಗೆರೆ ಹೊಡೆದು ಇಟ್ಟುಕೊಂಡಿದ್ದರು. ಬೆರಳಾಡಿಸಿ ನೋಡಿ, “ಸಾರಿ ರೀ, ನಮ್ಮ ಧೂಳು ನಿಮ್ಮ ಓಣಿ ತನಕ ಬರಲ್ಲ” ಅಂದರು. ಮಾಸ್ತರ ಕಾಕಾ ಏಳುತ್ತ ಕೈಮುಗಿದು, “ಸ್ವಲ್ಪ ಜಾಸ್ತಿ ಹಾರಿಸ್ಲಾಕ ಬರಂಗಿಲ್ಲೇನ್ರಿ ಸಾಹೇಬ್ರ?” ಎಂದು ಕೇಳಿದರು. ಕಂಪನಿ ಇದ್ದಲ್ಲಿ ಸಿಎಸ್‌ಆರ್, ಹಿಂದುಳಿದಲ್ಲಿ ಕಂಪನಿ ಇಲ್ಲ. ಇದರಲ್ಲಿ ತರ್ಕದೋಷ ಹುಡುಕಲು ಹೋಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ವಿದೇಶದ ದುಡ್ಡಿನ ಮಾತೂ ಬಂತು. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ. ಅದಕ್ಕೆ ಮೂರು ವರ್ಷದಲ್ಲಿ ಸಂಘದ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. 15 ಲಕ್ಷವಿದ್ದರೆ ಪತ್ರಾಸ್ ಯಾಕೆ, ಸ್ಲ್ಯಾಬೇ ಹಾಕಿಸುತ್ತಿದ್ದೆವು. 2020ರ ತಿದ್ದುಪಡಿಯಾದ ಮೇಲೆ ಆ ದುಡ್ಡು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಒಂದು ಮುಖ್ಯ ಶಾಖೆಯಲ್ಲಿ ಇಳಿಯಬೇಕು. ನಮ್ಮ ಓಣಿಯ ಸೀಮೆಸುಣ್ಣ ಸಂಸದ್ ಮಾರ್ಗ ನೋಡಿಕೊಂಡು ಬರುವುದು ಗೌರವದ ಸಂಗತಿಯೇ, ಆದರೆ ನಾವು ಆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದೆವು.

ಅಷ್ಟೊತ್ತಿಗೆ ನನ್ನನ್ನು ನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳಿಗೆ ಸೇರಿಸಿದ್ದರು. ದಿನಕ್ಕೆ ಹತ್ತು ಅನುದಾನದ ಸುದ್ದಿ. ಕೊನೆಯ ದಿನಾಂಕ ಸಾಮಾನ್ಯವಾಗಿ ನಿನ್ನೆ. ಇವತ್ತಿನದೊಂದು ಸಿಕ್ಕರೆ ಅದು ಕರಾವಳಿಯ ಕಾಂಡ್ಲಾ ಕಾಡು ಉಳಿಸುವವರಿಗೆ. “ನಮ್ಮಲ್ಲಿ ಸಮುದ್ರ ಇಲ್ರಿ” ಅಂದೆ. ಸಾಹೇಬರು ಒಂದು ಕ್ಷಣ ಯೋಚಿಸಿ, “ಇಲ್ಲ ಅನ್ನೋದನ್ನೇ ಸಮಸ್ಯೆ ಅಂತ ಬರಿಲಾಕ ಬರ್ತದ” ಅಂದರು. ಕೊನೆಗೆ ಹವಾಮಾನ ಬದಲಾವಣೆಯದೊಂದು ಸಿಕ್ಕಿತು. ಏಪ್ರಿಲ್ ಬಂದರೆ ಕಲಬುರಗಿಯಲ್ಲಿ ಹವಾಮಾನ ಬದಲಾಗುವುದೇ ಇಲ್ಲ ಎನ್ನುವುದು ನಮ್ಮ ದೂರು. ಹೊತ್ತು ಮುಳುಗಿದ ಮೇಲೂ ಅದೇ ಬೆಂಕಿ. ಆದರೂ ಅರ್ಜಿ ಬಿತ್ತು. ಎರಡು ಫ್ಯಾನು ಹೋಗಿ ‘ಹವಾಮಾನ ಹೊಂದಾಣಿಕೆಯ ಕಲಿಕಾ ಪರಿಸರ’ ಆಯಿತು. ಪತ್ರಾಸ್ ಮಾತ್ರ ಏನೂ ಆಗಲಿಲ್ಲ, ಯಾಕೆಂದರೆ ಕಟ್ಟಡಕ್ಕೆ ಕೊಡುವುದಿಲ್ಲವಂತೆ. ಸಂಬಳಕ್ಕೂ ಇಲ್ಲ, ಬಾಡಿಗೆಗೂ ಇಲ್ಲ. ತರಬೇತಿಗೆ ಎಷ್ಟು ಬೇಕಾದರೂ ಇದೆ. ಮಾಸ್ತರ ಕಾಕಾ ಪಾಠ ಹೇಳಿದರೆ ದುಡ್ಡಿಲ್ಲ. ಪಾಠ ಹೇಳುವುದು ಹೇಗೆಂದು ಮಾಸ್ತರ ಕಾಕಾರಿಗೆ ಇಪ್ಪತ್ತೈದರ ಹುಡುಗನೊಬ್ಬ ಬಂದು ಹೇಳಿದರೆ ದುಡ್ಡಿದೆ.

38 ಸಾವಿರದ ಅರ್ಜಿಯನ್ನು ಯಾರೂ ಓದುವುದೇ ಇಲ್ಲವೆಂದು ಮೊತ್ತವನ್ನು 24 ಲಕ್ಷಕ್ಕೆ ಏರಿಸಲಾಯಿತು. ಅರ್ಜಿಯೆಲ್ಲ ಇಂಗ್ಲಿಷು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ನಪಾಸಾಗುತ್ತಾರೆ ಎಂದು ಬರೆದ ಇಂಗ್ಲಿಷು ಎಷ್ಟು ಕಠಿಣವಾಗಿತ್ತೆಂದರೆ ಇಂಗ್ಲಿಷು ಹೇಳುವ ಅಕ್ಕೋರೇ ಮೂರು ಸಲ ಓದಿ, “ಇದು ನಮ್ಮ ಓಣಿ ಬಗ್ಗೆನೇ ಅದ ಏನ್ರಿ?” ಎಂದು ಕೇಳಿದರು. ಅದರಲ್ಲೊಂದು ಕಾಲಂ: ಥಿಯರಿ ಆಫ್ ಚೇಂಜ್. ಬದಲಾವಣೆ ಹೇಗಾಗುತ್ತದೆ, ವಿವರಿಸಿ. ಮಾಸ್ತರ ಕಾಕಾ ಕನ್ನಡಕ ಏರಿಸಿಕೊಂಡು, “ಪಾಠ ಹೇಳಿದ್ರ ಹುಡುಗರು ಪಾಸ್ ಆಗ್ತಾರ, ಬರ್ಕೋರಿ” ಅಂದರು. ಸಾಹೇಬರು ಅದಕ್ಕೆ ಐದು ಚೌಕ, ಹದಿನಾಲ್ಕು ಬಾಣ ಬಿಟ್ಟರು.

ಮುಂದಿನ ಕಾಲಮ್ಮಿನಲ್ಲಿ ಗಾಡಿ ಸಿಕ್ಕಿಬಿತ್ತು. ಎಕ್ಸಿಟ್ ಸ್ಟ್ರಾಟೆಜಿ. ಯೋಜನೆ ಮುಗಿದು ಸಂಸ್ಥೆ ಹೊರಟುಹೋದ ಮೇಲೆ ಸಮುದಾಯ ಹೇಗೆ ಮುಂದುವರಿಸುತ್ತದೆ?

“ಯಾರು ಹೊಂಟಾರ?” ಕಾಕಾ ಕೇಳಿದರು.

“ನೀವು.”

“ನಾ ಎಲ್ಲಿಗಿ ಹೋಗ್ಲಿ?”

“ಹಂಗಲ್ರಿ ಸರ, ಯೋಜನಾ ಮುಗಿದ ಮ್ಯಾಲ ಸಂಸ್ಥೆ ಹೋಗಬೇಕಾಗ್ತದ. ಅದು ಪದ್ಧತಿ.”

“ನಮ್ಮಪ್ಪ ಇಲ್ಲೇ ಹುಟ್ಟ್ಯಾನ, ನಾ ಇಲ್ಲೇ ಹುಟ್ಟೀನಿ. ಎಪ್ಪತ್ತೆರಡು ವರ್ಷ ಆಗ್ಯಾವ. ನನಗ ಇರೋದು ಒಂದೇ ಎಕ್ಸಿಟ್. ಅದನ್ನ ಬರ್ಕೋತೀರೇನು?”

ಸಾಹೇಬರು ಬರೆದುಕೊಂಡರು. ‘ಮೂರನೇ ವರ್ಷದ ಕೊನೆಗೆ ಹಂತಹಂತವಾಗಿ ಹಿಂದೆ ಸರಿಯಲಾಗುವುದು’ ಎಂದು.

ತೊಗರಿ ಬಿಟ್ಟರೆ ನಮ್ಮ ಸೀಮೆಯ ದೊಡ್ಡ ಬೆಳೆ ಹಿಂದುಳಿದಿರುವಿಕೆ. ಪ್ರಾದೇಶಿಕ ಅಸಮಾನತೆ ನೋಡಲು ಬಂದ ನಂಜುಂಡಪ್ಪ ಸಮಿತಿ 2002ರಲ್ಲೇ ಅಳೆದು, ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವೆಂದು ಪಟ್ಟಿ ಕೊಟ್ಟಿತು. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು, ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ 5,000 ಕೋಟಿ ಘೋಷಣೆಯಾಯಿತು. ನಮಗೆ ಹೊಟ್ಟೆಕಿಚ್ಚೆಂದರೆ ಯಾದಗಿರಿ, ರಾಯಚೂರಿನವರ ಮೇಲೆ ಮಾತ್ರ. 2018ರಲ್ಲಿ ಅವರು ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತುವ ಕೇಂದ್ರದ ಯೋಜನೆಯಲ್ಲಿ ‘ಆಕಾಂಕ್ಷಿ ಜಿಲ್ಲೆ’ಗಳಾದರು, ನಮಗೆ ಆಕಾಂಕ್ಷೆ ಸಾಲದೆ ಉಳಿದೆವು. ಕಲ್ಯಾಣವೆಂದು ಹೆಸರು ಬದಲಾದ 2019ರಲ್ಲೇ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗೂ, ಅಂದರೆ ಇಂಥ ಊರಿನ ಬೆಳೆ ಎಂಬ ಭೌಗೋಳಿಕ ಗುರುತೂ ಸಿಕ್ಕಿತು. ಹಿಂದುಳಿದಿರುವಿಕೆಗೂ ಒಂದು ಕೊಡಿಸಬೇಕಿತ್ತು. ತೊಗರಿಯನ್ನಾದರೂ ಬೇಳೆ ಮಾಡುವ ಮಿಲ್ಲುಗಳು ಕಲಬುರಗಿಯಲ್ಲೇ ಇವೆ. ಹಿಂದುಳಿದಿರುವಿಕೆಯನ್ನು ಸಿಪ್ಪೆ ತೆಗೆದು, ಪಾಲಿಶ್ ಹೊಡೆದು, ಪ್ಯಾಕೆಟ್ ಮಾಡುವ ಮಿಲ್ಲುಗಳೆಲ್ಲ ಬೆಂಗಳೂರಿನಲ್ಲಿವೆ. ರಾಶಿ ನಮ್ಮದು, ದರ ಅವರದು.

ಫೋಟೊದ ದಿನ ಮಾತ್ರ ನನಗೆ ಮರೆಯುವುದಿಲ್ಲ. ಅರ್ಜಿಗೆ ‘ಮೊದಲಿನ ಸ್ಥಿತಿ’ಯ ಫೋಟೊ ಬೇಕು, ಅಕ್ಷಾಂಶ-ರೇಖಾಂಶ ಮೂಡುವ ಹಾಗೆ. ಮಕ್ಕಳು ಕ್ಯಾಮೆರಾ ಎಂದು ತಲೆ ಬಾಚಿಕೊಂಡು, ಪೌಡರ್ ಬಳಿದುಕೊಂಡು ಬಂದಿದ್ದರು. ಸಾಹೇಬರಿಗೆ ಸಿಟ್ಟು ಬಂತು. ಮುಂದಿನ ಸಾಲಿನ ಹುಡುಗಿಗೆ, “ಅವ್ವಾ, ಸ್ವಲ್ಪ ಬ್ಯಾಸರ ಮಾಡ್ಕೊಂಡು ಕುಂದ್ರು” ಅಂದರು. ಆಕೆ ತುಟಿ ಬಿಗಿದು ಐದು ಎಣಿಸುವಷ್ಟು ಹೊತ್ತು ಕೂತಳು. “ಎಷ್ಟೊತ್ತು ಸರ? ನಗು ಬರಲತದ.” ಇಡೀ ಗುಂಪು ಹೋ ಎಂದು ನಕ್ಕಿತು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನ ತಂದೆ-ತಾಯಿ ಪುಣೆಗೆ ಗುಳೆ ಹೋಗಿ ಎರಡು ತಿಂಗಳಾಗಿತ್ತು, ಅಜ್ಜಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ, ಮಧ್ಯಾಹ್ನದಿಂದ ಏನೂ ಉಂಡಿರಲಿಲ್ಲ. ಸಾಹೇಬರು ಅವನನ್ನು ಎತ್ತಿ ಮುಂದಕ್ಕೆ ಕೂಡಿಸಿದರು. ಫೋಟೊ ಚೆನ್ನಾಗಿ ಬಂದಿದೆ. ಅಕ್ಕೋರು ಎದ್ದು ಮನೆಗೆ ಹೋಗಿ ಅವನಿಗೆ ಎರಡು ರೊಟ್ಟಿ, ಶೇಂಗಾ ಹಿಂಡಿ ತಂದುಕೊಟ್ಟರು. ಅದಕ್ಕೆ ಯಾವ ಕಾಲಮ್ಮಿನಲ್ಲೂ ಜಾಗ ಇರಲಿಲ್ಲ.

ಇದೇ ನೆಲದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಎಂಬಾಕೆ ಇದ್ದಳು. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದದ್ದಕ್ಕೆ, ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳಂತೆ. ನಾನು ಈಗ ಯೋಚಿಸುತ್ತೇನೆ, ಪಾಪ, ಮಾರಯ್ಯ ಸರ್ಕಾರಿ ಹಣಕಾಸು ನಿಯಮದ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಬರೆದು, ಖರ್ಚಾಗದ ಶಿಲ್ಕಿಗೆ ಕಾರಣ ಕೊಡಬೇಕಾಗಿದ್ದರೆ ಆ ಅಕ್ಕಿ ಅನ್ನವಾಗುತ್ತಿತ್ತೋ ಇಲ್ಲವೋ.

ಒಂದೂವರೆ ವರ್ಷ ಕಳೆಯಿತು. ಲೆಕ್ಕ ನೋಡಿದರೆ ಕಾಗದ-ಪತ್ರಕ್ಕೆ ಹದಿನೈದು ಪತ್ರಾಸ್ ಕರಗಿಹೋಗಿದ್ದವು. ಮೊದಲ ಮಳೆಗೆ ಮಕ್ಕಳ ಪಟ್ಟಿಪುಸ್ತಕ ತೊಯ್ದ ದಿನ ಕಿರಾಣಿ ಅಂಗಡಿಯವನಿಗೆ ತಲೆ ಕೆಟ್ಟಿತು. “ಜಾತ್ರಿಗಿ ಪಟ್ಟಿ ಎತ್ತಂಗಿಲ್ಲೇನ್ರಿ? ಎತ್ರಿ!” ಎಂದು ತಾನೇ ಐನೂರು ಬರೆಸಿದ. ಶರಣಬಸವೇಶ್ವರರ ದಾಸೋಹ ಉಂಡು ಬೆಳೆದ ಊರು; ಥಿಯರಿ ಆಫ್ ಚೇಂಜ್ ಏನು ಎಂದು ಯಾರೂ ಕೇಳಲಿಲ್ಲ. ಆಟೋದವರು ಕೊಟ್ಟರು, ಮಸೀದಿ ಓಣಿಯ ಗ್ಯಾರೇಜಿನವರು ಒಂದು ಫ್ಯಾನೇ ತಂದಿಟ್ಟರು. ಒಂಬತ್ತು ದಿನಕ್ಕೆ 41 ಸಾವಿರ. ಹದಿಮೂರನೇ ದಿನ ಬೇವಿನ ಗಿಡದ ಪಕ್ಕ ಹೊಸ ಪತ್ರಾಸ್ ಮಿಂಚುತ್ತಿತ್ತು.

ಹದಿನಾರನೇ ದಿನ ಈಮೇಲ್ ಬಂತು. ನಮ್ಮ ಅರ್ಜಿ ಅಂತಿಮ ಪಟ್ಟಿಯಲ್ಲಿದೆ. ಸೋಮವಾರ ತಂಡವೊಂದು ಬಂದು ‘ನೆರಳಿಲ್ಲದ ಬಯಲು ಕಲಿಕಾ ಸ್ಥಳ’ವನ್ನು ಖುದ್ದು ಪರಿಶೀಲಿಸುತ್ತದೆ.

ಸಾಹೇಬರು ಓಡಿಬಂದರು. ತಲೆ ಎತ್ತಿ ಪತ್ರಾಸ್ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. “ಏನು ಮಾಡಿ ಕುಂತೀರಿ ಸರ! ಎರಡೇ ದಿನದ ಮಾತು, ಬಿಚ್ಚಿ ಗುಡಿ ಹಿಂದ ಇಡ್ರಿ.”

ಯಾರೂ ಮಾತಾಡಲಿಲ್ಲ. ಮಾಸ್ತರ ಕಾಕಾ ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಕೂತಿದ್ದರು. ಕೊನೆಗೆ ನಾನೇ ವೆಲ್ಡಿಂಗ್ ಅಂಗಡಿಯವನಿಗೆ ಫೋನು ಹಚ್ಚಿದೆ.

“ಬಿಚ್ಚಿ, ಮತ್ತ ಅಲ್ಲೇ ಹಾಕ್ಲಾಕ ಎಷ್ಟು ತಗೋತಿ?”

“ಎರಡೂ ಕೂಡಿ ನಾಲ್ಕು ಸಾವಿರ ಆಗ್ತದ್ರಿ” ಅಂದ. ಆಮೇಲೆ ಸ್ವಲ್ಪ ತಡೆದು, “ಬಿಲ್ ಯಾವ ಹೆಡ್ಡಿಗಿ ಮಾಡ್ಲಿ ಸರ?”